ತೆಳ್ಳಗಿನ ತಮ್ಮ, ದಪ್ಪಗಿನ ಅಮ್ಮ ಮತ್ತು ಎರಡು ಇಸಿಜಿ ಹಾಳೆಗಳು

ತುಂಗಾತೀರ:
ನನ್ನ ಮುಂದೆ ಎರಡು ಇಸಿಜಿ ಹಾಳೆಗಳಿವೆ. ಒಂದು ನನ್ನ ತಮ್ಮನದು. ಅವನಿಗೆ 24 ವರ್ಷ, ಎತ್ತರ ಆರಡಿಗೆ ಒಂದು ಅಂಗುಲ ಕಡಿಮೆ, ತೂಕ 54 ಕಿಲೋ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಯಲ್ಲಿ ತೆಗೆದ ಆ ಹಾಳೆಯ ತಲೆಯ ಮೇಲೆ, ಎಡ ಹೃತ್ಕುಕ್ಷಿಯ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ಗೋಡೆ ದಪ್ಪವಾಗಿರಬಹುದು ಎಂಬರ್ಥದ ಸಾಲೊಂದನ್ನು ಯಂತ್ರವೇ ಮುದ್ರಿಸಿಕೊಟ್ಟಿತು. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುವವರೆಗಿನ ಮೂರು ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಎಕೋದಲ್ಲಿ ಗೋಡೆ, ಕವಾಟ, ಎಲ್ಲವೂ ಸರಿಯಾಗಿದ್ದವು.

ಇನ್ನೊಂದು ಹಾಳೆ ಅಮ್ಮನದು. ವಯಸ್ಸು 58, ಎತ್ತರ ಐದಡಿ, ತೂಕ 83 ಕಿಲೋ. ಹನ್ನೆರಡು ವರ್ಷಗಳಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಆ ಹಾಳೆಯ ಮೇಲೆ ‘ನಾರ್ಮಲ್’ ಎಂದಿದೆ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ನಮ್ಮ ವೈದ್ಯರು ಎಕೋ ಬರೆದುಕೊಟ್ಟಾಗ, ಹೃದಯದ ನಡುಗೋಡೆ 13 ಮಿಲಿಮೀಟರ್ ದಪ್ಪವಿದೆಯೆಂದು ಬಂತು. ದೋಷವಿಲ್ಲದವನಿಗೆ ದೋಷ ಹೇಳಿ, ದೋಷವಿದ್ದವರನ್ನು ಬಿಟ್ಟುಬಿಟ್ಟ ಈ ಪರೀಕ್ಷೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಇದಕ್ಕೂ ಇವರಿಬ್ಬರ ಮೈಕಟ್ಟಿಗೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಗ್ಯಾಲ್ವನೋಮೀಟರ್:
ಸಂಬಂಧ ಖಂಡಿತ ಇದೆ. ನಾನು ವೈದ್ಯನಲ್ಲ, ವೈದ್ಯಕೀಯ ಉಪಕರಣಗಳ ಎಂಜಿನಿಯರಿಂಗ್ ಕಲಿಸುವವನು. ಆದ್ದರಿಂದ ಭೌತಶಾಸ್ತ್ರದ ಕಡೆಯಿಂದ ಹೇಳುತ್ತೇನೆ.

ಇಸಿಜಿ ಯಂತ್ರ ಹೃದಯವನ್ನು ಮುಟ್ಟುವುದೇ ಇಲ್ಲ. ಹೃದಯದ ಸ್ನಾಯುವಿನಲ್ಲಿ ವಿದ್ಯುತ್ತಿನ ಅಲೆ ಹರಿಯುವಾಗ ಸುತ್ತಲಿನ ರಕ್ತ, ಶ್ವಾಸಕೋಶ, ಮಾಂಸ, ಕೊಬ್ಬು, ಮೂಳೆ ಎಲ್ಲದರ ಮೂಲಕವೂ ಪ್ರವಾಹ ಹರಡುತ್ತದೆ, ಮತ್ತು ಅದರ ಫಲವಾಗಿ ಚರ್ಮದ ಮೇಲಿನ ಎರಡು ಸ್ಥಳಗಳ ನಡುವೆ ಒಂದೆರಡು ಮಿಲಿವೋಲ್ಟುಗಳ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ನಾವು ಅಳೆಯುವುದು ಅಷ್ಟನ್ನೇ. ಹಾಳೆಯ ಮೇಲೆ ಹತ್ತು ಚಿಕ್ಕ ಚೌಕ, ಅಂದರೆ 10 ಮಿಲಿಮೀಟರ್ ಎತ್ತರವೆಂದರೆ ಒಂದು ಮಿಲಿವೋಲ್ಟ್.

ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ವಿಲೆಮ್ ಐಂಥೋವನ್ ಈ ವಿದ್ಯೆಯನ್ನು ಬಳಕೆಗೆ ತಂದ ಕಾಲದಲ್ಲಿ ರೋಗಿಗಳು ಎರಡೂ ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳಬೇಕಾಗಿತ್ತು. 1913ರಲ್ಲಿ ಅವರು ಎರಡು ಕೈ, ಒಂದು ಕಾಲುಗಳನ್ನು ಸಮಬಾಹು ತ್ರಿಕೋನದ ಮೂಲೆಗಳೆಂದೂ, ಹೃದಯ ಅದರ ನಟ್ಟನಡುವೆ ಇದೆಯೆಂದೂ, ಇಡೀ ದೇಹ ಒಂದೇ ಬಗೆಯ ವಾಹಕವೆಂದೂ ಇಟ್ಟುಕೊಂಡು ಲೆಕ್ಕ ಕಟ್ಟಿದರು. ಲೆಕ್ಕ ಸುಂದರವಾಗಿತ್ತು, ಅಂಥ ದೇಹ ಮಾತ್ರ ಭೂಮಿಯ ಮೇಲೆ ಯಾರಿಗೂ ಇಲ್ಲ. 1946ರಲ್ಲಿ ಅದೇ ದೇಶದ ಬರ್ಗರ್ ಮತ್ತು ವಾನ್ ಮಿಲಾನ್ ಅವರು ಮನುಷ್ಯನ ಮುಂಡದ ಮಾದರಿಯನ್ನಿಟ್ಟುಕೊಂಡು, ಆ ತ್ರಿಕೋನದ ಮೂರು ಬಾಹುಗಳು ಸಮನಾಗಿರುವುದಿಲ್ಲವೆಂದು ತೋರಿಸಿದರು. ದೇಹದ ಆಕಾರ ಬದಲಾದರೆ ತ್ರಿಕೋನವೂ ಸೊಟ್ಟಗಾಗುತ್ತದೆ.

ಈಗ ಎದೆಯ ಮೇಲಿನ ಲೀಡುಗಳ, ಅಂದರೆ ಅಲ್ಲಿ ಅಂಟಿಸುವ ವಿ1ರಿಂದ ವಿ6ರವರೆಗಿನ ಆರು ಎಲೆಕ್ಟ್ರೋಡುಗಳು ಕೊಡುವ ಗೆರೆಗಳ ವಿಷಯಕ್ಕೆ ಬರೋಣ. ಹೃದಯವನ್ನು ಒಂದು ಚಿಕ್ಕ ವಿದ್ಯುತ್ ಜೋಡಿಯೆಂದು ಭಾವಿಸಿದರೆ, ಅದರ ವಿಭವ (ವೋಲ್ಟೇಜ್) ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಲೆಕ್ಟ್ರೋಡ್ 5 ಸೆಂಟಿಮೀಟರಿನ ಬದಲು 6 ಸೆಂಟಿಮೀಟರ್ ದೂರದಲ್ಲಿದ್ದರೆ ಉಳಿಯುವುದು 36ರಲ್ಲಿ 25 ಪಾಲು, ಅಂದರೆ ಅಲೆಯ ಎತ್ತರದಲ್ಲಿ ಸುಮಾರು ಶೇ. 30ರಷ್ಟು ಹೋಯಿತು. ನಿಜವಾದ ಹೃದಯ ಒಂದು ಚುಕ್ಕೆಯಲ್ಲವಾದ್ದರಿಂದ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಕೂರುವುದಿಲ್ಲ, ಆದರೆ ಇಳಿಯುವ ದಿಕ್ಕು ಇದೇ. ನಿಮ್ಮ ತಮ್ಮನ ಎದೆಯಲ್ಲಿ ಚರ್ಮದಿಂದ ಹೃದಯಕ್ಕಿರುವ ದೂರ ಬಹಳ ಕಡಿಮೆ. ಅಮ್ಮನವರಲ್ಲಿ ಅದು ಹೆಚ್ಚು.

ಕರಾವಳಿಯ ವೈದ್ಯ:
ಗ್ಯಾಲ್ವನೋಮೀಟರ್ ಅವರು ಹೇಳಿದ್ದಕ್ಕೆ ಆಸ್ಪತ್ರೆಯ ಮಾತನ್ನು ಸೇರಿಸುತ್ತೇನೆ. ಯಂತ್ರಗಳು ಬಳಸುವ ಬಹಳ ಹಳೆಯ ಸೂತ್ರವೊಂದಿದೆ. 1949ರಲ್ಲಿ ಸೊಕೊಲೊವ್ ಮತ್ತು ಲಯನ್ ಎಂಬ ವೈದ್ಯರು ಕೊಟ್ಟದ್ದು. ಪ್ರತಿ ಬಡಿತದಲ್ಲಿ ಗೆರೆ ಮೇಲಕ್ಕೆ ಚಿಮ್ಮುವುದು ಆರ್ ಅಲೆ, ಅದರ ನಂತರ ಕೆಳಕ್ಕಿಳಿಯುವುದು ಎಸ್ ಅಲೆ. ವಿ1 ಲೀಡಿನ ಎಸ್ ಅಲೆಯ ಆಳಕ್ಕೆ ವಿ5 ಅಥವಾ ವಿ6ರ ಆರ್ ಅಲೆಯ ಎತ್ತರವನ್ನು ಕೂಡಿಸಬೇಕು. ಮೊತ್ತ 35 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ಎಡ ಹೃತ್ಕುಕ್ಷಿ ದಪ್ಪವಾಗಿದೆಯೆಂದು ಶಂಕಿಸಬೇಕು. ಇದು ಸಂಪೂರ್ಣವಾಗಿ ಎದೆಯ ಲೀಡುಗಳನ್ನೇ ನಂಬಿದ ಸೂತ್ರ. ಹಾಗಾಗಿ ತೆಳುವಾದ ಎದೆಯ ಯುವಕರಲ್ಲಿ ಸುಳ್ಳು ಎಚ್ಚರಿಕೆ ಕೊಡುವುದೂ, ಸ್ಥೂಲಕಾಯದವರಲ್ಲಿ ನಿಜವಾದ ದೋಷವನ್ನು ತಪ್ಪಿಸಿಕೊಳ್ಳುವುದೂ ಇದರ ಹುಟ್ಟುಗುಣ. ಹರೆಯದವರಲ್ಲಿ ಬರೀ ಅಲೆಯ ಎತ್ತರವನ್ನು ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ಕ್ರೀಡಾಪಟುಗಳ ಇಸಿಜಿ ಓದಲು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡಗಳೂ, ಬೇರೆ ಯಾವ ಬದಲಾವಣೆಯೂ ಇಲ್ಲದೆ ಅಲೆಗಳು ಮಾತ್ರ ಎತ್ತರವಾಗಿದ್ದರೆ ಅದು ಸಹಜವೆಂದೇ ಹೇಳುತ್ತವೆ.

ತುಂಗಾತೀರ ಅವರೇ, ಒಂದು ಕೆಲಸ ಮಾಡಿ. ಎರಡೂ ಹಾಳೆಗಳಲ್ಲಿ ಈ ಮೊತ್ತವನ್ನು ನೀವೇ ಎಣಿಸಿ. ಅಮ್ಮನವರ ಹಾಳೆಯಲ್ಲಿ ಮಾತ್ರ ಇನ್ನೂ ಎರಡನ್ನು ನೋಡಿ: ಎಡಗೈ ಕಡೆಯಿಂದ ನೋಡುವ ಎವಿಎಲ್ ಎಂಬ ಲೀಡಿನ ಆರ್ ಅಲೆಯ ಎತ್ತರ ಮತ್ತು ವಿ3 ಲೀಡಿನ ಎಸ್ ಅಲೆಯ ಆಳ.

ತುಂಗಾತೀರ:
ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಎಣಿಸಿದೆ. ತಮ್ಮನದು: ವಿ1ರಲ್ಲಿ 17, ವಿ5ರಲ್ಲಿ 24, ಒಟ್ಟು 41. ಅವನ ಹಾಳೆಯಲ್ಲಿ ವಿ4ರ ಗೆರೆ ಎಷ್ಟು ಎತ್ತರವಿದೆಯೆಂದರೆ ಮೇಲಿನ ಸಾಲಿನ ಗೆರೆಗೆ ಹೋಗಿ ತಾಗಿದೆ. ಅಮ್ಮನದು: ವಿ1ರಲ್ಲಿ 8, ವಿ5ರಲ್ಲಿ 11, ಒಟ್ಟು 19 ಮಾತ್ರ. ಎವಿಎಲ್‌ನಲ್ಲಿ 10, ವಿ3ರ ಆಳ 13, ಕೂಡಿಸಿದರೆ 23.

ಕರಾವಳಿಯ ವೈದ್ಯ:
ನಾನು ಊಹಿಸಿದಂತೆಯೇ ಇದೆ. ನೀವು ಕೊನೆಗೆ ಕೂಡಿಸಿದ್ದು ಕಾರ್ನೆಲ್ ಸೂತ್ರ. ಅದರಲ್ಲಿ ಗಂಡಸರಿಗೆ 28, ಹೆಂಗಸರಿಗೆ 20 ಮಿಲಿಮೀಟರ್ ಮಿತಿ. ಅಮ್ಮನವರ 23 ಆ ಮಿತಿಯನ್ನು ದಾಟಿದೆ. ಒಂದೇ ಹಾಳೆ, ಒಂದೇ ಹೃದಯ. ಒಂದು ಸೂತ್ರದಲ್ಲಿ ಗಡಿಯ ಹತ್ತಿರಕ್ಕೂ ಬರಲಿಲ್ಲ, ಇನ್ನೊಂದರಲ್ಲಿ ಸಿಕ್ಕಿಬಿತ್ತು.

ಇದಕ್ಕೆ ಕಾರಣ ಕೊಬ್ಬಿನ ದಪ್ಪವಷ್ಟೇ ಅಲ್ಲ. ಹೊಟ್ಟೆ ದೊಡ್ಡದಾದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಲ್ಪಡುತ್ತದೆ, ಅದರ ಮೇಲೆ ಕುಳಿತ ಹೃದಯ ಎಡಗಡೆಗೆ ಅಡ್ಡಡ್ಡ ಮಲಗುತ್ತದೆ. ಹಾಗೆ ಮಲಗಿದ ಹೃದಯದ ವಿದ್ಯುತ್ತು ಎಡ ಭುಜದ ಕಡೆ ಮುಖ ಮಾಡುವುದರಿಂದ ಆ ಕಡೆಯಿಂದ ನೋಡುವ ಎವಿಎಲ್ ಲೀಡಿನ ಅಲೆ ಎತ್ತರವಾಗುತ್ತದೆ. ಎದೆಯ ಲೀಡುಗಳಲ್ಲಿ ಕಳೆದುಹೋದದ್ದರಲ್ಲಿ ಒಂದಿಷ್ಟು ಹೀಗೆ ಕೈಯ ಲೀಡುಗಳಲ್ಲಿ ಮರಳಿ ಬರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಅಕ್ಷ, ಅಂದರೆ ಹೃದಯದ ವಿದ್ಯುತ್ತು ಒಟ್ಟಾರೆ ಹರಿಯುವ ದಿಕ್ಕು, ಎಡಕ್ಕೆ ವಾಲುವುದೂ ಇದೇ ಕಾರಣಕ್ಕೆ. ಆಗ ಮೂರನೆಯ ಲೀಡಿನಲ್ಲಿ ಕಾಣಿಸುವ ಕ್ಯೂ ಅಲೆಯನ್ನು (ಆರ್ ಅಲೆಗಿಂತ ಮೊದಲಿನ ಕೆಳಮುಖ ಅಲೆಯನ್ನು) ನೋಡಿ ಹಳೆಯ ಹೃದಯಾಘಾತವೆಂದು ಬೆಚ್ಚುವ ಕಿರಿಯ ವೈದ್ಯರಿಗೆ, ಆಕೆಗೆ ಉಸಿರನ್ನು ಆಳವಾಗಿ ಎಳೆದು ಹಿಡಿದುಕೊಳ್ಳಲು ಹೇಳಿ ಇನ್ನೊಮ್ಮೆ ತೆಗೆಯಿರಿ ಎನ್ನುತ್ತೇವೆ. ವಪೆ ಕೆಳಗಿಳಿದರೆ ಆ ಕ್ಯೂ ಸಾಮಾನ್ಯವಾಗಿ ಕುಗ್ಗುತ್ತದೆ ಅಥವಾ ಮಾಯವಾಗುತ್ತದೆ.

ಸಂಶಯಜೀವಿ:
ಎಲ್ಲವೂ ಸರಿ, ಆದರೆ ನನಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು: ಕೊಬ್ಬು ವಿದ್ಯುತ್ ನಿರೋಧಕ, ಅದು ಸಂಕೇತವನ್ನು ತಡೆಯುತ್ತದೆ ಎಂಬ ಮಾತನ್ನು ಎಲ್ಲ ಕಡೆಯೂ ಓದುತ್ತೇನೆ. ಹಾಗಿದ್ದರೆ ಸ್ತನದ ಕೊಬ್ಬಿರುವ ಎಲ್ಲ ಹೆಂಗಸರ ಇಸಿಜಿಯೂ ಕುಗ್ಗಿರಬೇಕಲ್ಲವೇ? ಎರಡನೆಯದು: ದಪ್ಪಗಿರುವವರ ಹೃದಯವೇ ಹೆಚ್ಚು ತೂಕವಿರುತ್ತದೆ ಎನ್ನುತ್ತಾರೆ. ಹೃದಯ ದೊಡ್ಡದಾದರೆ ಅಲೆ ದೊಡ್ಡದಾಗಬೇಕು, ಚಿಕ್ಕದಾಗುವುದೇಕೆ?

ಗ್ಯಾಲ್ವನೋಮೀಟರ್:
ಮೊದಲ ಆಕ್ಷೇಪವನ್ನು ನಾನು ಸ್ವಾಗತಿಸುತ್ತೇನೆ, ಏಕೆಂದರೆ ಆ ‘ತಡೆಯುತ್ತದೆ’ ಎಂಬ ವಿವರಣೆ ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ವರ್ಷಾವರ್ಷ ಬರುತ್ತದೆ, ಮತ್ತು ನಾನು ಅದಕ್ಕೆ ಅರ್ಧ ಅಂಕವನ್ನಷ್ಟೇ ಕೊಡುತ್ತೇನೆ. ರಕ್ತದ ರೋಧಕತೆ ಸುಮಾರು 1.6 ಓಮ್-ಮೀಟರ್, ಕೊಬ್ಬಿನದು 20ರ ಆಸುಪಾಸು, ಇದು ನಿಜ. ಆದರೆ ಗಾಳಿ ತುಂಬಿದ ಶ್ವಾಸಕೋಶದ್ದೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಅದು ಪ್ರತಿಯೊಬ್ಬರ ಎದೆಯಲ್ಲೂ ಹೃದಯದ ಅಕ್ಕಪಕ್ಕವೇ ಇದೆ. ಅದಲ್ಲದೆ ಇಸಿಜಿ ಯಂತ್ರ ಪ್ರವಾಹವನ್ನು ಎಳೆದುಕೊಳ್ಳುವುದಿಲ್ಲ, ವಿಭವವನ್ನು ಮಾತ್ರ ಓದುತ್ತದೆ. ಅದರ ಒಳರೋಧ ಹತ್ತಾರು ಲಕ್ಷ ಓಮ್‌ಗಳಲ್ಲಿರುವಾಗ ಚರ್ಮದಡಿಯ ಕೊಬ್ಬಿನ ಪದರ ಸೇರಿಸುವ ರೋಧ ಲೆಕ್ಕಕ್ಕೇ ಬರುವುದಿಲ್ಲ. ಕೊಬ್ಬು ಮಾಡುವ ಮುಖ್ಯ ಕೆಲಸವೆಂದರೆ ಎಲೆಕ್ಟ್ರೋಡನ್ನು ಹೃದಯದಿಂದ ದೂರ ಒಯ್ಯುವುದು. ದೂರ ಸರಿದಷ್ಟೂ ಅಲೆ ಚಿಕ್ಕದಾಗುತ್ತದೆ.

ಸ್ತನದ ಬಗ್ಗೆ ಅಳತೆ ಮಾಡಿ ನೋಡಿದವರೂ ಅದರ ಪರಿಣಾಮ ಅಲ್ಪವೆಂದೇ ಕಂಡುಕೊಂಡಿದ್ದಾರೆ. ಅಲ್ಲಿ ದೊಡ್ಡ ತೊಂದರೆ ಎಲೆಕ್ಟ್ರೋಡ್ ಜಾಗ ತಪ್ಪುವುದರಿಂದ ಬರುತ್ತದೆ. ಅದನ್ನು ಕೈಯಾರೆ ಮಾಡುವವರು ಹೇಳಿದರೆ ಚೆನ್ನ.

ಎರಡನೆಯ ಆಕ್ಷೇಪದಲ್ಲಿಯೂ ಹುರುಳಿದೆ. ಸ್ಥೂಲಕಾಯದಲ್ಲಿ ಹೃದಯದ ಸ್ನಾಯು ನಿಜಕ್ಕೂ ಬೆಳೆಯುತ್ತದೆ. ಅದು ಅಲೆಯನ್ನು ಎತ್ತರಿಸಲು ನೋಡುತ್ತದೆ, ದೂರ ಅದನ್ನು ತಗ್ಗಿಸಲು ನೋಡುತ್ತದೆ. ಎರಡೂ ಹಗ್ಗಜಗ್ಗಾಟ ಆಡಿ ಹಾಳೆಯ ಮೇಲೆ ಸಾಧಾರಣ ಎತ್ತರದ ಅಲೆಯೊಂದು ಮೂಡುತ್ತದೆ. ನಾರ್ಮಲ್ ಎಂದು ಕಾಣಿಸುವುದು ಕೆಲವೊಮ್ಮೆ ಇಂಥ ರಾಜಿಯೇ.

ಎದೆಗೂಡು:
ನಾನು ಹತ್ತೊಂಬತ್ತು ವರ್ಷಗಳಿಂದ ಇಸಿಜಿ ತೆಗೆಯುವ ಕೆಲಸದಲ್ಲಿದ್ದೇನೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಎಲೆಕ್ಟ್ರೋಡುಗಳು ಸರಿಯಾದ ಜಾಗದಲ್ಲಿವೆ ಎಂದು ಎಲ್ಲರೂ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಮೈಕಟ್ಟು ಮಾಡುವ ಮೊದಲ ಕಿತಾಪತಿ ಅಲ್ಲಿಯೇ ಆಗುತ್ತದೆ.

ವಿ1, ವಿ2 ಎದೆಮೂಳೆಯ ಎರಡು ಬದಿಗಳಲ್ಲಿ, ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಎಡೆಯಲ್ಲಿ ಇರಬೇಕು. ಅದನ್ನು ಹುಡುಕಲು ಕತ್ತಿನ ಕೆಳಗಿನ ಗುಂಡಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಇಳಿಸುತ್ತ ಬಂದರೆ ನಾಲ್ಕೈದು ಸೆಂಟಿಮೀಟರಿಗೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು. ಅಲ್ಲಿಂದ ಒಂದೊಂದಾಗಿ ಎಣಿಸಿಕೊಂಡು ಇಳಿಯಬೇಕು. ಆಮೇಲೆ ವಿ3ನ್ನು ಬಿಟ್ಟು ಮೊದಲು ವಿ4ನ್ನು, ಐದನೆಯ ಎಡೆಯಲ್ಲಿ ಕೊರಳೆಲುಬಿನ ನಡುವಿನಿಂದ ಇಳಿದ ಗೆರೆಯ ಮೇಲೆ ಇಟ್ಟು, ಅದಕ್ಕೂ ವಿ2ಕ್ಕೂ ಮಧ್ಯದಲ್ಲಿ ವಿ3ನ್ನು ಇಡಬೇಕು. ವಿ5, ವಿ6 ಅದೇ ಮಟ್ಟದಲ್ಲಿ ಕಂಕುಳಿನ ಕಡೆಗೆ ಹೋಗುತ್ತವೆ. ತೆಳ್ಳಗಿನವರಲ್ಲಿ ಎಣಿಸುವುದು ಸುಲಭ, ಅಂಟಿಸುವುದು ಕಷ್ಟ. ಪಕ್ಕೆಲುಬುಗಳು ಎದ್ದಿರುವುದರಿಂದ ರಬ್ಬರ್ ಬಲ್ಬಿರುವ ಬಟ್ಟಲಿನಂಥ ಎಲೆಕ್ಟ್ರೋಡು ಅಂಚಿನಲ್ಲಿ ಗಾಳಿ ಎಳೆದುಕೊಂಡು ಪಟ್ಟೆಂದು ಕಳಚಿ ಬೀಳುತ್ತದೆ, ನಾವು ಸಮತಟ್ಟಾದ ಜಾಗ ಹುಡುಕುತ್ತ ಒಂದಂಗುಲ ಸರಿಸಿಬಿಡುತ್ತೇವೆ. ದಪ್ಪಗಿನವರಲ್ಲಿ ಅಂಟಿಸುವುದು ಸುಲಭ, ಎಣಿಸುವುದು ಕಷ್ಟ. ಪಕ್ಕೆಲುಬು ಬೆರಳಿಗೆ ಸಿಗದಿದ್ದಾಗ ಹೆಚ್ಚಿನವರು ಅಂದಾಜಿನ ಮೇಲೆ ವಿ1, ವಿ2ಗಳನ್ನು ಮೇಲಕ್ಕೆ, ಮೂರನೆಯ ಅಥವಾ ಎರಡನೆಯ ಎಡೆಗೇ ಇಟ್ಟುಬಿಡುತ್ತಾರೆ. ಹೆಂಗಸರಲ್ಲಿ ಸ್ತನವನ್ನು ಎತ್ತಿ ಅದರ ಕೆಳಗೆ ಇಡಬೇಕಾದ ವಿ4 ಸಂಕೋಚದ ಕಾರಣಕ್ಕೆ ಇನ್ನೂ ಕೆಳಗೆ ಜಾರುತ್ತದೆ. ನಾನು ಮಹಿಳೆಯಾದ್ದರಿಂದ ನನಗೆ ಆ ತೊಡಕು ಕಡಿಮೆ. ಒಬ್ಬನೇ ಗಂಡಸು ತಂತ್ರಜ್ಞನಿರುವ ಕಡೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಹಿಂದೆ ನಾನಿದ್ದ ಒಂದು ಕಡೆ, ಹೆಸರು ಬೇಡ, ವಿ1 ಮತ್ತು ವಿ2ಗಳನ್ನು ಕೊರಳೆಲುಬಿನ ಕೆಳಗೇ ಇಡುವುದು ರೂಢಿಯಾಗಿತ್ತು. ಅಲ್ಲಿಂದ ಬಂದ ಹಾಳೆಯಲ್ಲಿ ವಿ2, ವಿ3ರ ಆರ್ ಅಲೆ ಬೆಳೆದೇ ಇಲ್ಲವೆಂದು ಒಬ್ಬ ಹೆಂಗಸಿಗೆ ‘ಹಿಂದೆಂದೋ ಹಾರ್ಟ್ ಅಟ್ಯಾಕ್ ಆಗಿದೆ’ ಎಂದು ಹೇಳಿದ್ದರು. ನಾನು ಎಣಿಸಿ ಕೆಳಗಿಟ್ಟು ಮತ್ತೊಮ್ಮೆ ತೆಗೆದೆ, ಆರ್ ಅಲೆ ಬಂತು. ಆಕೆ ನನ್ನ ಕೈ ಹಿಡಿದುಕೊಂಡು ಅತ್ತದ್ದು ಇನ್ನೂ ನೆನಪಿದೆ. ಇನ್ನೊಂದು ಸಣ್ಣ ಮಾತು: ಜೆಲ್ಲನ್ನು ಧಾರಾಳವಾಗಿ ಹಚ್ಚಿ ಒಂದರ ಜೆಲ್ ಇನ್ನೊಂದಕ್ಕೆ ಕೂಡಿಕೊಂಡರೆ ಅಕ್ಕಪಕ್ಕದ ಲೀಡುಗಳೆಲ್ಲ ಒಂದೇ ತರಹ ಕಾಣುತ್ತವೆ. ಸಪೂರ ಎದೆಯಲ್ಲಿ, ಮಕ್ಕಳಲ್ಲಿ ಇದು ಬೇಗ ಆಗುತ್ತದೆ.

ತುಂಗಾತೀರ ಅವರೇ, ಅಮ್ಮನ ಹಾಳೆಯ ಮೇಲ್ತುದಿಯಲ್ಲಿ ವಯಸ್ಸು ಮತ್ತು ಲಿಂಗದ ಜಾಗದಲ್ಲಿ ಏನು ಬರೆದಿದೆ, ಒಮ್ಮೆ ನೋಡಿ ಹೇಳುವಿರಾ? 23 ಬಂದ ಮೇಲೂ ಯಂತ್ರ ಏಕೆ ಸುಮ್ಮನಿತ್ತು ಎಂಬುದು ನನ್ನ ತಲೆ ಕೊರೆಯುತ್ತಿದೆ.

ಸಂಶಯಜೀವಿ:
ಜಾಗದ ಮಾತು ಒಪ್ಪಿದೆ. ಈಗ ನನ್ನ ಸ್ವಂತದ ಒಂದು ಪ್ರಶ್ನೆ. ನಾನು ಕೈಗಡಿಯಾರದಲ್ಲಿ ಇಸಿಜಿ ನೋಡಿಕೊಳ್ಳುತ್ತೇನೆ. ನನ್ನ ಅಲೆಗಳು ಇರುವೆ ಹರಿದಂತೆ ಇರುತ್ತವೆ, ದಪ್ಪಗಿರುವ ನನ್ನ ಭಾವನವರ ಅಲೆಗಳು ಗೋಪುರದಂತೆ. ಮೇಲಿನ ವಾದದ ಪ್ರಕಾರ ಉಲ್ಟಾ ಇರಬೇಕಿತ್ತಲ್ಲ? ನಾನು ಕಡ್ಡಿ ಪೈಲ್ವಾನ.

ಗ್ಯಾಲ್ವನೋಮೀಟರ್:
ಉಲ್ಟಾ ಅಲ್ಲ, ಅದು ಸರಿಯಾಗಿಯೇ ಇದೆ. ಒಂದು ಕೈಯಲ್ಲಿ ಗಡಿಯಾರ ಕಟ್ಟಿ ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟಾಗ ನೀವು ನೋಡುವುದು ಐಂಥೋವನ್ನರ ಮೊದಲ ಲೀಡನ್ನು ಮಾತ್ರ, ಅಂದರೆ ಬಲಗೈಯಿಂದ ಎಡಗೈಗೆ. ಎರಡೂ ಕೈಗಳು ಹೃದಯದಿಂದ ದೂರವಿರುವುದರಿಂದ ಎದೆಯ ಮೇಲಿನ ಕೊಬ್ಬಿನ ಒಂದೆರಡು ಸೆಂಟಿಮೀಟರ್ ಇಲ್ಲಿ ಅಷ್ಟಾಗಿ ಆಟ ಕಟ್ಟುವುದಿಲ್ಲ. ಇಲ್ಲಿ ಮುಖ್ಯವಾಗುವುದು ಹೃದಯ ಯಾವ ಕಡೆ ವಾಲಿದೆ ಎಂಬುದು. ವಿದ್ಯುತ್ ಅಕ್ಷ (ಎಡಗೈ ಕಡೆಗಿನ ಅಡ್ಡ ದಿಕ್ಕು 0, ನೇರ ಕೆಳಗೆ 90) 30 ಡಿಗ್ರಿಯಲ್ಲಿದ್ದರೆ ಮೊದಲ ಲೀಡಿಗೆ ಅದರ ಶೇ. 87ರಷ್ಟು ಕಾಣುತ್ತದೆ, 60 ಡಿಗ್ರಿಯಲ್ಲಿದ್ದರೆ ಅರ್ಧ, 85 ಡಿಗ್ರಿಯಲ್ಲಿದ್ದರೆ ಶೇ. 9ಕ್ಕಿಂತ ಕಡಿಮೆ. ತೆಳ್ಳಗೆ ಎತ್ತರವಿರುವವರ ಉದ್ದನೆಯ ಎದೆಗೂಡಿನಲ್ಲಿ ಹೃದಯ ನೆಟ್ಟಗೆ ಜೋತಾಡುವುದರಿಂದ ಅಕ್ಷ 90ರ ಹತ್ತಿರ ಹೋಗುತ್ತದೆ. ನಿಮ್ಮದು ಇರುವೆ ಸಾಲಾದದ್ದು, ಭಾವನವರ ಅಡ್ಡ ಮಲಗಿದ ಹೃದಯ ಗೋಪುರವಾದದ್ದು ಇದರಿಂದ. ನಿಮ್ಮದೇ ಎದೆಯ ಲೀಡುಗಳನ್ನು ತೆಗೆಸಿದರೆ ಅಲ್ಲಿ ಅಲೆಗಳು ಎತ್ತರವಾಗಿಯೇ ಬಂದಾವು.

ಗಡಿಯಾರದ ಹಿಂಬದಿಯ ಹಸಿರು ಬೆಳಕು ಮಾತ್ರ ಬೇರೆಯದೇ ವಿದ್ಯೆ. ಅದು ಚರ್ಮದಡಿಯ ರಕ್ತದ ಏರಿಳಿತವನ್ನು ಬೆಳಕಿನಿಂದ ಎಣಿಸುತ್ತದೆ, ವಿದ್ಯುತ್ತಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದನ್ನು ಈ ಚರ್ಚೆಗೆ ಎಳೆದು ತರುವುದು ಬೇಡ.

ಕರಾವಳಿಯ ವೈದ್ಯ:
ಮೈಕಟ್ಟಿನ ಮೇಲೆ ಎಲ್ಲವನ್ನೂ ಹೊರಿಸುವ ಅಪಾಯವನ್ನೂ ಹೇಳಿಬಿಡುತ್ತೇನೆ. ಕೈಕಾಲುಗಳ ಎಲ್ಲ ಲೀಡುಗಳಲ್ಲಿ ಅಲೆಗಳು 5 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ, ಅಥವಾ ಎದೆಯ ಎಲ್ಲ ಲೀಡುಗಳಲ್ಲಿ 10ಕ್ಕಿಂತ ಚಿಕ್ಕದಾಗಿದ್ದರೆ, ಅದನ್ನು ಕಡಿಮೆ ವೋಲ್ಟೇಜ್ ಎನ್ನುತ್ತೇವೆ. ದಪ್ಪಗಿನ ರೋಗಿಯನ್ನು ನೋಡಿದ ಕೂಡಲೇ ‘ಕೊಬ್ಬಿನಿಂದ ಹೀಗಾಗಿದೆ’ ಎಂದು ಹಾಳೆ ಮಡಚಿಡುವುದು ಸುಲಭ. ಆದರೆ ಹೃದಯದ ಹೊರಚೀಲದಲ್ಲಿ ನೀರು ತುಂಬಿದರೂ, ಥೈರಾಯ್ಡ್ ತೀರ ಕುಗ್ಗಿದರೂ, ಮೈಯೆಲ್ಲ ಬಾವು ಬಂದರೂ ಅಲೆಗಳು ಹೀಗೆಯೇ ಕುಗ್ಗುತ್ತವೆ. ಬಾವು ಇಳಿದಂತೆ ಅಲೆಗಳು ಮತ್ತೆ ಏಳುವುದನ್ನು ವಾರ್ಡಿನಲ್ಲಿ ದಿನದಿನವೂ ನೋಡಬಹುದು. ಅದಕ್ಕೇ ಹಳೆಯ ಇಸಿಜಿಯೊಂದು ಕೈಯಲ್ಲಿದ್ದರೆ ಬಹಳ ಉಪಕಾರ: ಕೊಬ್ಬು ವರ್ಷಗಳಲ್ಲಿ ಬೆಳೆಯುತ್ತದೆ, ನೀರು ವಾರಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿಯೇ ತುಂಬುತ್ತದೆ.

ಹಾಗೆಯೇ ಬಹುಕಾಲ ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರು ನೋಡಲು ಬಡಕಲಾಗಿದ್ದರೂ ಅವರ ಅಲೆಗಳು ಚಿಕ್ಕವಾಗಿರುತ್ತವೆ. ಹೃದಯದ ಮುಂದೆ ಗಾಳಿಯ ಹಾಸಿಗೆ ಬಂದು ಕೂತಿರುತ್ತದೆ. ಜೊತೆಗೆ ವಪೆ ಕೆಳಗೆ ಕುಸಿದು ಹೃದಯವೂ ಇಳಿದಿರುವುದರಿಂದ, ಸರಿಯಾಗಿ ಎಣಿಸಿ ಇಟ್ಟ ವಿ2, ವಿ3 ಕೂಡ ಹೃದಯದ ಪಾಲಿಗೆ ಎತ್ತರದಲ್ಲಿದ್ದಂತಾಗುತ್ತದೆ. ಅಲ್ಲಿಯೂ ಇಲ್ಲದ ಹೃದಯಾಘಾತ ಕಾಣಿಸುವುದುಂಟು.

ತುಂಗಾತೀರ ಅವರೇ, ಎಕೋದಲ್ಲಿ ಗೋಡೆ ದಪ್ಪ, ಇಸಿಜಿಯಲ್ಲಿ ಅಲೆ ಚಿಕ್ಕದು ಎಂಬ ಜೋಡಿಯನ್ನು ಕಂಡಾಗ ಅಮೈಲಾಯ್ಡ್ ಎಂಬ ಪ್ರೋಟೀನು ಹೃದಯದಲ್ಲಿ ಸೇರಿಕೊಂಡಿದೆಯೇ ಎಂದು ನಾವು ಒಂದು ಗಳಿಗೆ ಯೋಚಿಸುತ್ತೇವೆ. ಅಮ್ಮನವರ ಎವಿಎಲ್‌ನಲ್ಲಿಯೇ 10 ಇದೆ, ಬಿಪಿಯ ದೀರ್ಘ ಇತಿಹಾಸವೂ ಇದೆ. ಆದ್ದರಿಂದ ಆ ಕಡೆ ಯೋಚನೆ ಹರಿಸಲು ನನಗೆ ಕಾರಣ ಕಾಣುತ್ತಿಲ್ಲ. ಅವರನ್ನು ಕಣ್ಣಾರೆ ನೋಡಿದ ನಿಮ್ಮ ವೈದ್ಯರ ಮಾತೇ ಕೊನೆಯದು.

ಇನ್ನೊಂದು ಮಾತು. ನಮ್ಮ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಕುಳಿತ ತಜ್ಞರು ಓದುತ್ತಾರೆ. ಎದೆನೋವಿನ ರೋಗಿಗೆ ನಿಮಿಷಗಳು ಬೆಲೆಬಾಳುವಾಗ ಇದು ಒಳ್ಳೆಯ ಏರ್ಪಾಡು. ಆದರೆ ಎಲ್ಲಿಯೇ ಆಗಲಿ, ದೂರದಲ್ಲಿ ಓದುವವರಿಗೆ ಕಾಣುವುದು ಹಾಳೆ ಮಾತ್ರ. ಎದುರಿನ ಮಂಚದ ಮೇಲೆ 54 ಕಿಲೋದವರು ಮಲಗಿದ್ದಾರೋ 104 ಕಿಲೋದವರೋ, ಬೆನ್ನು ಗೂನಾಗಿದೆಯೋ, ಎದೆ ಒಳಕ್ಕೆ ಕುಸಿದಿದೆಯೋ ಗೊತ್ತಾಗುವುದಿಲ್ಲ. ನಾನು ನನ್ನ ಸಿಬ್ಬಂದಿಗೆ ಎತ್ತರ, ತೂಕಗಳನ್ನು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಲು ಹೇಳಿದ್ದೇನೆ.

ತುಂಗಾತೀರ:
ಎದೆಗೂಡು ಅವರೇ, ನಿಮ್ಮ ಅನುಮಾನ ನಿಜವಾಯಿತು. ಅಮ್ಮನ ಹಾಳೆಯಲ್ಲಿ ಹೆಸರು, ವಯಸ್ಸು ಸರಿಯಾಗಿದ್ದವು. ಲಿಂಗದ ಜಾಗದಲ್ಲಿ ‘ಪುರುಷ’ ಎಂದಿತ್ತು. ಇಷ್ಟು ದಿನ ನಾವು ಯಾರೂ ಅದನ್ನು ನೋಡಿಯೇ ಇರಲಿಲ್ಲ.

ಎದೆಗೂಡು:
ಹಿಂದಿನ ರೋಗಿಯ ವಿವರವನ್ನು ಪೂರ್ತಿ ಅಳಿಸದೆ ಹೆಸರು, ವಯಸ್ಸು ಮಾತ್ರ ಬದಲಿಸಿದ್ದಾರೆ. ಬೆಳಿಗ್ಗೆ ಸಾಲು ಉದ್ದವಿದ್ದಾಗ ಹೀಗಾಗುತ್ತದೆ, ನಾನೂ ಮಾಡಿದ್ದೇನೆ. ಆ ಯಂತ್ರ ಕಾರ್ನೆಲ್ ಸೂತ್ರವನ್ನು ಹಾಕಿದ್ದರೆ ಗಂಡಸಿನ ಮಿತಿಯಾದ 28ಕ್ಕೆ ಹೋಲಿಸಿರುತ್ತದೆ. 23 ಅದಕ್ಕಿಂತ ಕಡಿಮೆ, ಆದ್ದರಿಂದ ನಾರ್ಮಲ್. ಯಾವ ಯಂತ್ರದಲ್ಲಿ ಯಾವ ಸೂತ್ರವಿದೆಯೆಂಬುದು ಕಂಪನಿಯಿಂದ ಕಂಪನಿಗೆ ಬೇರೆ ಎಂಬುದನ್ನೂ ಮರೆಯಬೇಡಿ. ಸಾಧ್ಯವಾದರೆ ಇನ್ನೊಮ್ಮೆ ತೆಗೆಸಿ, ತೆಗೆಯುವವರಿಗೆ ಪಕ್ಕೆಲುಬು ಎಣಿಸಲು ಹೇಳಿ. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ತುಂಗಾತೀರ:
ನಿನ್ನೆ ಮತ್ತೊಮ್ಮೆ ತೆಗೆಸಿದೆವು, ಬೇರೆ ಕಡೆ. ಅಲ್ಲಿದ್ದ ಹುಡುಗಿ ನಾನು ಹೇಳುವ ಮೊದಲೇ ಅಮ್ಮನ ಎದೆಮೂಳೆಯ ಮೇಲೆ ಬೆರಳಿಟ್ಟು ಎಣಿಸಿ, ಬಾಲ್‌ಪೆನ್ನಿನಲ್ಲಿ ಚುಕ್ಕೆ ಇಟ್ಟುಕೊಂಡಳು. ಸೊಕೊಲೊವ್ ಮೊತ್ತ 20, ಕಾರ್ನೆಲ್ 24. ಈ ಸಲ ಹಾಳೆಯ ಮೇಲೆ, ತಮ್ಮನ ಹಾಳೆಯಲ್ಲಿದ್ದ ಅದೇ ಸಾಲು ಅಮ್ಮನ ಹೆಸರಿನ ಕೆಳಗೆ ಬಂದಿದೆ. ನಮ್ಮ ವೈದ್ಯರು ಬಿಪಿ ಮಾತ್ರೆಯನ್ನು ಬದಲಿಸಿ, ವರ್ಷದ ನಂತರ ಮತ್ತೆ ಎಕೋ ಮಾಡಿಸಲು ಹೇಳಿದ್ದಾರೆ. ತಮ್ಮನ ಹಾಳೆಗೆ ಎಕೋ ವರದಿಯನ್ನು ಪಿನ್ ಹಾಕಿ ಕಂಪನಿಗೆ ಕೊಟ್ಟಾಯಿತು, ಅವನು ಸೋಮವಾರ ಕೆಲಸಕ್ಕೆ ಸೇರುತ್ತಾನೆ. ಎರಡೂ ಹಾಳೆಗಳ ಮೂಲೆಯಲ್ಲಿ ಎತ್ತರ ಮತ್ತು ತೂಕವನ್ನು ನಾನೇ ಬರೆದಿಟ್ಟಿದ್ದೇನೆ.